ತಲೆಸುತ್ತು, ದವಡೆ ನೋವು, ಎರಡೆರಡು ಕಾಣುವುದು: ಎಂ.ಎಸ್. ಮಿದುಳುಕಾಂಡಕ್ಕೆ ಬಂದಾಗ ಏನು ಮಾಡಬೇಕು

ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್. ಈ ಹೆಸರು ಕೇಳಿದವರು ನಮ್ಮಲ್ಲಿ ಕಡಿಮೆ. ಕೇಳಿದವರಿಗೂ 'ಕೈಕಾಲು ಬಲ ಕಳೆದುಕೊಳ್ಳುವ ನರದ ಕಾಯಿಲೆ' ಎಂಬಷ್ಟೇ ಗೊತ್ತಿರುತ್ತದೆ. ಆದರೆ ಅದು ಮಿದುಳುಕಾಂಡಕ್ಕೆ ಬಂದರೆ ಕೈಕಾಲಿನಿಂದ ಶುರುವಾಗಬೇಕೆಂದಿಲ್ಲ. ತಲೆಸುತ್ತು ಬಂದವರು ಕಿವಿ ಡಾಕ್ಟರ ಹತ್ತಿರ ಹೋಗುತ್ತಾರೆ. ದವಡೆ ನೋವಾದರೆ ಹಲ್ಲಿನ ಡಾಕ್ಟರು. ವಸ್ತು ಎರಡೆರಡು ಕಂಡರೆ ಕನ್ನಡಕದ ಅಂಗಡಿ. ಮನೆಯಲ್ಲಿ ಹಿರಿಯರು 'ಪಿತ್ತ ಕೆರಳಿದೆ, ನಿಂಬೆ ಶರಬತ್ತು ಕುಡಿ' ಅನ್ನುತ್ತಾರೆ.

ಇದರಲ್ಲಿ ಯಾರ ತಪ್ಪೂ ಇಲ್ಲ. ತಲೆಸುತ್ತು ಹೆಚ್ಚಿನ ಸಲ ಕಿವಿಯದ್ದೇ, ದವಡೆ ನೋವು ಹೆಚ್ಚಿನ ಸಲ ಹಲ್ಲಿನದ್ದೇ. ಸಮಸ್ಯೆ ಏನೆಂದರೆ, ಮೂರು ಕಡೆ ತೋರಿಸಿದ ಮೂರು ಚೀಟಿ ಮೂರು ಡ್ರಾಯರಿನಲ್ಲಿ ಇರುತ್ತವೆ. ಅವನ್ನು ಒಂದೇ ಫೈಲಿಗೆ ಸೇರಿಸಿ ನರರೋಗ ತಜ್ಞರ ಮೇಜಿನ ಮೇಲೆ ಇಡುವ ಕೆಲಸ ರೋಗಿಯದ್ದು, ಇಲ್ಲವೇ ಮನೆಯವರದ್ದು. ಆ ಕೆಲಸ ಹೇಗೆ ಮಾಡುವುದು ಅಂತ ಇಲ್ಲಿ ಬರೆದಿದ್ದೇನೆ. ಮಂಗಳೂರು, ಉಡುಪಿ ಕಡೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಮೊದಲು ಜಾಗ ಗೊತ್ತಿರಲಿ

ಮಿದುಳುಕಾಂಡ ಇರುವುದು ತಲೆಯ ಹಿಂಭಾಗದ ಕೆಳಗೆ, ಮಿದುಳು ಬೆನ್ನುಹುರಿಯನ್ನು ಸೇರುವಲ್ಲಿ. ಉದ್ದ ಸುಮಾರು ಮೂರು ಇಂಚು, ಅಷ್ಟೇ. ಇದನ್ನು ನಮ್ಮ ನೇತ್ರಾವತಿ ಸೇತುವೆ ಅಂದುಕೊಳ್ಳಿ. ಊರಿನ ಒಳಗೆ ಒಂದು ರಸ್ತೆ ಬಂದ್ ಆದರೆ ಇನ್ನೊಂದರಲ್ಲಿ ಸುತ್ತಿ ಹೋಗಬಹುದು. ಸೇತುವೆಯ ಮೇಲೆ ಒಂದು ಲಾರಿ ಕೆಟ್ಟು ನಿಂತರೆ ಕಾಸರಗೋಡಿಗೆ ಹೋಗುವವನೂ ನಿಲ್ಲುತ್ತಾನೆ, ಉಳ್ಳಾಲದ ಮೀನಿನ ಟೆಂಪೋವೂ ನಿಲ್ಲುತ್ತದೆ. ಕೈಕಾಲಿಗೆ ಹೋಗುವ ಆದೇಶ, ಮೈಯಿಂದ ಬರುವ ಸ್ಪರ್ಶದ ಸುದ್ದಿ ಎಲ್ಲವೂ ಈ ಮೂರು ಇಂಚಿನಲ್ಲೇ ಹಾದುಹೋಗಬೇಕು. ತಲೆಗೆ ಸಂಬಂಧಿಸಿದ 12 ಜೋಡಿ ನರಗಳಲ್ಲಿ 10 ಜೋಡಿ ಇಲ್ಲಿಗೇ ಸೇರಿಕೊಂಡಿವೆ. ಕಣ್ಣು ತಿರುಗಿಸುವುದು, ಮುಖದ ಸ್ಪರ್ಶ, ಜಗಿಯುವುದು, ನುಂಗುವುದು, ಮಾತು, ಕಿವಿಯ ಸಮತೋಲ ಎಲ್ಲ ಆ ನರಗಳ ಕೆಲಸ. ಹಾಗಾಗಿ ಕಾಳಿನಷ್ಟು ದೊಡ್ಡ ಗಾಯವೂ ಇಲ್ಲಿ ದೊಡ್ಡ ಗಲಾಟೆ ಮಾಡುತ್ತದೆ.

ಗಾಯ ಏಕೆ ಆಗುತ್ತದೆ? ನರದ ಎಳೆಗಳ ಮೇಲೆ ಮೈಲಿನ್ ಎಂಬ ಕೊಬ್ಬಿನ ಪದರ ಇರುತ್ತದೆ. ಪದರ ಚೆನ್ನಾಗಿರುವ ದಪ್ಪ ಎಳೆಗಳಲ್ಲಿ ಸಂಕೇತ ಸೆಕೆಂಡಿಗೆ 100 ಮೀಟರ್‌ವರೆಗೂ ಓಡುತ್ತದೆ. ಎಂ.ಎಸ್.ನಲ್ಲಿ ದೇಹದ ರೋಗನಿರೋಧಕ ಕಣಗಳು ಮಿದುಳು, ಬೆನ್ನುಹುರಿ ಮತ್ತು ಕಣ್ಣಿನ ನರದ ಮೈಲಿನ್ ಮೇಲೇ ದಾಳಿ ಮಾಡುತ್ತವೆ. ಪದರ ಹೋದ ಕಡೆ ಸಂಕೇತ ನಿಧಾನವಾಗುತ್ತದೆ ಅಥವಾ ಅಲ್ಲೇ ನಿಲ್ಲುತ್ತದೆ. ಉರಿಯೂತ ಇಳಿದ ಮೇಲೆ ಪದರ ಸ್ವಲ್ಪ ಮಟ್ಟಿಗೆ ಮತ್ತೆ ಬೆಳೆಯುತ್ತದೆ, ತೊಂದರೆ ಕಡಿಮೆಯಾಗುತ್ತದೆ. ಆದರೆ ಒಳಗಿನ ಎಳೆಯೇ ತುಂಡಾದರೆ ಅದು ವಾಪಸ್ ಬರುವುದಿಲ್ಲ. 'ಹೋದ ಸಲ ತನ್ನಷ್ಟಕ್ಕೆ ಸರಿಯಾಯಿತಲ್ಲ' ಎಂದು ಸುಮ್ಮನೆ ಕೂರಬಾರದು ಅನ್ನುವುದು ಇದಕ್ಕೇ.

ಇದು ಅಂಟುವ ರೋಗ ಅಲ್ಲ. ನೇರವಾಗಿ ಅಪ್ಪ ಅಮ್ಮನಿಂದ ಬರುವಂಥದ್ದೂ ಅಲ್ಲ. ಹೆಚ್ಚಾಗಿ ಶುರುವಾಗುವುದು 20ರಿಂದ 40ರ ವಯಸ್ಸಿನಲ್ಲಿ, ಹೆಂಗಸರಲ್ಲಿ ಜಾಸ್ತಿ.

ಲಕ್ಷಣ ನೋಡುವುದು, ಅದರಲ್ಲೂ ಕಣ್ಣು

1868ರಲ್ಲಿ ಪ್ಯಾರಿಸ್ಸಿನ ಶಾರ್ಕೋ ಎಂಬ ವೈದ್ಯ ಈ ಕಾಯಿಲೆಯನ್ನು ವಿವರವಾಗಿ ಬರೆದ. ಅವನು ಎತ್ತಿ ಹೇಳಿದ ಮೂರು ಗುರುತು: ಅದುರುವ ಕಣ್ಣು, ಏನಾದರೂ ಹಿಡಿಯಲು ಹೋದಾಗ ನಡುಗುವ ಕೈ, ಬಿಡಿಬಿಡಿಯಾಗಿ ಎಳೆದಾಡುವ ಮಾತು. ಮೂರೂ ಮಿದುಳುಕಾಂಡ ಮತ್ತು ಅದರ ಹಿಂದಿರುವ ಕಿರುಮಿದುಳಿಗೆ ಸೇರಿದವೇ.

ಮನೆಯಲ್ಲೇ ನೋಡಬಹುದಾದದ್ದು ಕಣ್ಣು. ರೋಗಿಯನ್ನು ಬೆಳಕಿಗೆ ಮುಖ ಮಾಡಿ ಕೂರಿಸಿ. ತಲೆ ಅಲ್ಲಾಡಿಸಬೇಡ ಎಂದು ಹೇಳಿ. ಒಂದು ಪೆನ್ನನ್ನು ಕಣ್ಣಿನ ಮಟ್ಟದಲ್ಲಿ ಹಿಡಿದು ನಿಧಾನವಾಗಿ ಅವರ ಎಡಕ್ಕೆ ಸರಿಸಿ. ಸಾಮಾನ್ಯವಾಗಿ ಎರಡೂ ಕಣ್ಣುಗಳು ಒಟ್ಟಿಗೆ ಸರಿಯುತ್ತವೆ. ಎಂ.ಎಸ್.ನ ಒಂದು ಬಗೆಯಲ್ಲಿ ಎಡಗಣ್ಣು ಹೊರಗೆ ತಿರುಗಿ ಅಲ್ಲಿ ಟಕ ಟಕ ಅಂತ ಅದುರುತ್ತದೆ, ಬಲಗಣ್ಣು ಮಾತ್ರ ಮೂಗಿನ ಕಡೆ ಬರಲಾರದೆ ನಡುವೆಯೇ ನಿಂತುಬಿಡುತ್ತದೆ. ತಮಾಷೆ ಎಂದರೆ ಅದೇ ಪೆನ್ನನ್ನು ಮೂಗಿನ ಹತ್ತಿರ ತಂದರೆ ಆ ಬಲಗಣ್ಣು ಎಷ್ಟೋ ಸಲ ಸಲೀಸಾಗಿ ಒಳಗೆ ಬರುತ್ತದೆ. ಅಂದರೆ ಕಣ್ಣಿನ ಸ್ನಾಯು ಗಟ್ಟಿಯಾಗಿಯೇ ಇದೆ. ಎರಡು ಕಣ್ಣುಗಳ ಚಲನೆಯನ್ನು ಜೋಡಿಸುವ, ಮಿದುಳುಕಾಂಡದ ನಡುವೆ ಸಾಗುವ ನರಗಳ ಸಣ್ಣ ಕಟ್ಟು ಕೆಟ್ಟಿದೆ. ವಯಸ್ಸಾದವರಲ್ಲಿ ಹೀಗಾದರೆ ಮೊದಲ ಅನುಮಾನ ಸ್ಟ್ರೋಕ್ ಮೇಲೆ. ಇಪ್ಪತ್ತು ಮೂವತ್ತರ ಪ್ರಾಯದವರಲ್ಲಿ, ಅದೂ ಎರಡೂ ಬದಿಯಲ್ಲಿ ಆದರೆ, ವೈದ್ಯರು ಮೊದಲು ಯೋಚಿಸುವುದು ಎಂ.ಎಸ್. ಬಗ್ಗೆ.

ಇದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ. ನಿಮ್ಮ ಅಪಾಯಿಂಟ್‌ಮೆಂಟ್ ಬರುವಷ್ಟರಲ್ಲಿ ಕಣ್ಣು ಸರಿಯಾಗಿಬಿಟ್ಟಿರಬಹುದು. ಆಗ ಆ ಅರ್ಧ ನಿಮಿಷದ ವಿಡಿಯೋ ಹತ್ತು ನಿಮಿಷದ ವಿವರಣೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಇನ್ನೊಂದು ಸಣ್ಣ ಪರೀಕ್ಷೆ: ಒಂದು ಕಣ್ಣು ಮುಚ್ಚಿದರೆ ಎರಡೆರಡು ಕಾಣುವುದು ನಿಂತಿತಾ? ನಿಂತರೆ ಎರಡು ಕಣ್ಣುಗಳ ಹೊಂದಾಣಿಕೆ ತಪ್ಪಿದೆ ಎಂದರ್ಥ. ಒಂದೇ ಕಣ್ಣಿನಲ್ಲಿ ನೋಡಿದಾಗಲೂ ಎರಡು ಕಂಡರೆ ಅದು ಹೆಚ್ಚಾಗಿ ಕಣ್ಣಿನದ್ದೇ ತೊಂದರೆ, ಕಣ್ಣಿನ ಡಾಕ್ಟರೇ ಸಾಕು.

ಇನ್ನು ದವಡೆ ನೋವು. ಮುಖ ತೊಳೆಯುವಾಗ, ಹಲ್ಲುಜ್ಜುವಾಗ, ಗಾಳಿ ತಾಗಿದರೂ ಸಾಕು, ಕರೆಂಟ್ ಹೊಡೆದ ಹಾಗೆ ಕೆನ್ನೆಯಲ್ಲಿ ಒಂದೆರಡು ಸೆಕೆಂಡ್ ಚುಚ್ಚಿ ಹೋಗುವ ನೋವು. ಇದಕ್ಕೆ ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎಂದು ಹೆಸರು. ಸಾಮಾನ್ಯವಾಗಿ ಇದು 50 ದಾಟಿದವರ ಕಾಯಿಲೆ. ಸಣ್ಣ ಪ್ರಾಯದಲ್ಲಿ ಬಂದರೆ, ಅಥವಾ ಎರಡೂ ಕೆನ್ನೆಯಲ್ಲಿ ಬಂದರೆ, ಎಂ.ಎಸ್. ಇದೆಯಾ ಅಂತ ನೋಡಬೇಕು. ನನಗೆ ಗೊತ್ತಿರುವ ಒಬ್ಬ ಅಕ್ಕ ಇದೇ ನೋವಿಗೆ ಎರಡು ದವಡೆ ಹಲ್ಲು ಕೀಳಿಸಿಕೊಂಡರು. ಹಲ್ಲು ಹೋಯಿತು, ನೋವು ಹೋಗಲಿಲ್ಲ. ಎಕ್ಸ್‌ರೇಯಲ್ಲಿ ಹಲ್ಲು ಚೆನ್ನಾಗಿದೆ ಎಂದು ಬಂದ ಮೇಲೂ ನೋವು ಹೀಗೇ ಇದ್ದರೆ, ಹಲ್ಲು ಕೀಳಿಸುವ ಮೊದಲು ನರರೋಗ ತಜ್ಞರಿಗೆ ಒಮ್ಮೆ ತೋರಿಸಿ. ಇದಕ್ಕೆ ಮಾಮೂಲಾಗಿ ಕೊಡುವ ಕಾರ್ಬಮಜಪೈನ್ ಮಾತ್ರೆ ಒಳ್ಳೆಯದೇ. ಆದರೆ ಶುರು ಮಾಡಿದ ಮೊದಲ ವಾರಗಳಲ್ಲಿ ಮೈಮೇಲೆ ದದ್ದು ಎದ್ದರೆ ಮಾತ್ರೆ ನಿಲ್ಲಿಸಿ ಅದೇ ದಿನ ಡಾಕ್ಟರನ್ನು ಕಾಣಬೇಕು, ಇದರಲ್ಲಿ ಉದಾಸೀನ ಬೇಡ.

ತಲೆಸುತ್ತಿನಲ್ಲಿ ಮೋಸ ಹೋಗುವವರು ಜಾಸ್ತಿ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ತಿರುಗಿ, ಒಂದು ನಿಮಿಷದೊಳಗೆ ನಿಂತರೆ ಅದು ಒಳಗಿವಿಯ ಹರಳಿನ ತೊಂದರೆ. ಎಂ.ಎಸ್. ಇದ್ದವರಿಗೂ ಅದು ಬರುತ್ತದೆ, ತಲೆಯನ್ನು ಕ್ರಮವಾಗಿ ತಿರುಗಿಸುವ ವ್ಯಾಯಾಮದಲ್ಲೇ ಸರಿಹೋಗುತ್ತದೆ. ಎಂ.ಎಸ್.ನ ತಲೆಸುತ್ತು ದಿನಗಟ್ಟಲೆ ಇರುತ್ತದೆ. ಜೊತೆಗೆ ಎರಡೆರಡು ಕಾಣುವುದು, ಮುಖ ಮರಗಟ್ಟುವುದು, ಮಾತು ತೊದಲುವುದು, ನಡೆಯುವಾಗ ಒಂದು ಕಡೆ ವಾಲುವುದು, ಇವುಗಳಲ್ಲಿ ಯಾವುದಾದರೂ ಸೇರಿಕೊಂಡಿದ್ದರೆ ಕಿವಿಯನ್ನು ಬಿಟ್ಟು ಮೇಲೆ ನೋಡಬೇಕು.

ಗಡಿಯಾರ ನೋಡಿ

ಲಕ್ಷಣಕ್ಕಿಂತ ಸಮಯವೇ ಹೆಚ್ಚು ಹೇಳುತ್ತದೆ ಎಂಬುದು ನನ್ನ ಅನಿಸಿಕೆ. ಒಂದು ನೋಟ್‌ಬುಕ್ ಇಟ್ಟು ಯಾವಾಗ ಶುರುವಾಯಿತು, ಎಷ್ಟು ಹೊತ್ತು ಇತ್ತು, ಆಗ ಜ್ವರ ಅಥವಾ ಸೆಕೆ ಇತ್ತಾ ಅಂತ ಬರೆಯಿರಿ.

ನಿಮಿಷಗಳಲ್ಲಿ ಬಂದರೆ: ಮುಖ ಓರೆ, ಮಾತು ತಪ್ಪುವುದು, ಒಂದು ಬದಿ ಬಲ ಹೋಗುವುದು, ನಿಲ್ಲಲಾಗದಷ್ಟು ತಲೆಸುತ್ತು, ಇವು ದಿಢೀರನೆ ಬಂದರೆ ಅದನ್ನು ಸ್ಟ್ರೋಕ್ ಎಂದೇ ತಿಳಿಯಿರಿ. ಎಂ.ಎಸ್. ಇರುವುದು ಗೊತ್ತಿದ್ದರೂ ಅಷ್ಟೇ. 108ಕ್ಕೆ ಫೋನ್ ಮಾಡಿ. ಸ್ಟ್ರೋಕಿನಲ್ಲಿ ಹೆಪ್ಪು ಕರಗಿಸುವ ಔಷಧಿಗೆ ನಾಲ್ಕೂವರೆ ಗಂಟೆಯ ಗಡುವು ಇರುತ್ತದೆ.

ಗಂಟೆ, ದಿನಗಳಲ್ಲಿ ಏರುತ್ತಾ ಹೋದರೆ: ಎಂ.ಎಸ್.ನ ದಾಳಿ ಹೀಗೆ ಬರುತ್ತದೆ. ಹೊಸ ತೊಂದರೆ ಕನಿಷ್ಠ 24 ಗಂಟೆ ಇದ್ದು, ಜ್ವರ ಸೋಂಕು ಇಲ್ಲದೆ, ಹಿಂದಿನ ದಾಳಿಯಿಂದ ಒಂದು ತಿಂಗಳಾದರೂ ಕಳೆದು ಬಂದಿದ್ದರೆ ಅದನ್ನು ಹೊಸ ರಿಲ್ಯಾಪ್ಸ್ ಎಂದು ಲೆಕ್ಕ ಹಾಕುತ್ತಾರೆ.

ಬಂದು ಹೋಗುತ್ತಿದ್ದರೆ: ಇಲ್ಲಿ ನಮ್ಮ ಕರಾವಳಿಯ ಸೆಕೆ ಆಟ ಆಡುತ್ತದೆ. ಮೈಲಿನ್ ಹೋದ ನರ ಬಿಸಿ ತಡೆಯುವುದಿಲ್ಲ. ಮೈ ಬಿಸಿ ಅರ್ಧ ಡಿಗ್ರಿ ಏರಿದರೂ ಸಾಕು, ಹಳೆಯ ಗಾಯ ಮತ್ತೆ ಮಾತಾಡುತ್ತದೆ. ಮಂಜಾಗಿ ಕಾಣುತ್ತದೆ, ಕಾಲು ಭಾರವಾಗುತ್ತದೆ. ಇದನ್ನು ಉಥಾಫ್ ಎಂಬ ಜರ್ಮನ್ ಕಣ್ಣಿನ ವೈದ್ಯ 1890ರಲ್ಲೇ ಗುರುತಿಸಿದ್ದ. ಎಂಆರ್‌ಐ ಇಲ್ಲದ ಕಾಲದಲ್ಲಿ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಎಂ.ಎಸ್. ಪತ್ತೆ ಮಾಡುವ ಕ್ರಮವೂ ಇತ್ತು. ತಂಪಾದ ಮೇಲೆ ಇದು ಇಳಿಯುತ್ತದೆ, ಹೊಸ ಗಾಯ ಆಗಿರುವುದಿಲ್ಲ. ಹೆದರಬೇಕಿಲ್ಲ, ಸ್ಟೀರಾಯ್ಡೂ ಬೇಡ.

ಮಳೆಗಾಲದಲ್ಲಿ ಇನ್ನೊಂದು ಗೊಂದಲ. ಮಂಗಳೂರಿನಲ್ಲಿ ಮಲೇರಿಯಾ, ಡೆಂಗಿ, ಇಲಿಜ್ವರ ಹೊಸದಲ್ಲ. ಜ್ವರ ಬಂದಾಗ ಹಳೆಯ ಲಕ್ಷಣಗಳೆಲ್ಲ ಒಟ್ಟಿಗೆ ಎದ್ದು ಕೂರುತ್ತವೆ, ಮನೆಯವರು ರಿಲ್ಯಾಪ್ಸ್ ಎಂದು ಗಾಬರಿಯಾಗುತ್ತಾರೆ. ಮೊದಲು ರಕ್ತ ಪರೀಕ್ಷೆ, ಮೂತ್ರ ಪರೀಕ್ಷೆ ಆಗಲಿ. ಮೂತ್ರದ ಸೋಂಕು ಜ್ವರವೇ ಇಲ್ಲದೆ ಇದೇ ಕೆಲಸ ಮಾಡುತ್ತದೆ. ಸೋಂಕು ಇರುವಾಗ ಅದನ್ನು ಗಮನಿಸದೆ ಸ್ಟೀರಾಯ್ಡ್ ಏರಿಸಿದರೆ ಸೋಂಕು ಕೆರಳುತ್ತದೆ.

ಎಲ್ಲಿಗೆ ಹೋಗುವುದು, ಏನೇನು ಪರೀಕ್ಷೆ

ಈ ವಿಷಯದಲ್ಲಿ ನಾವು ಪುಣ್ಯವಂತರು. ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯಲ್ಲಿ ಡಾ. ಲೇಖಾ ಪಂಡಿತ್ ಅವರ ತಂಡ ಎಂ.ಎಸ್. ಮತ್ತು ಅದರ ಹತ್ತಿರದ ಕಾಯಿಲೆಗಳ ನೋಂದಣಿಯನ್ನೇ ಇಟ್ಟುಕೊಂಡು ಬಂದಿದೆ. ಮಂಗಳೂರಿನಲ್ಲಿ ಲಕ್ಷಕ್ಕೆ ಸುಮಾರು 8 ಜನರಿಗೆ ಎಂ.ಎಸ್. ಇದೆ ಎಂದು 2014ರಲ್ಲಿ ಪ್ರಕಟಿಸಿದ್ದೂ ಅವರೇ. ಭಾರತದಲ್ಲಿ ಈ ರೋಗವೇ ಇಲ್ಲ ಎಂಬಂತೆ ಮಾತಾಡುತ್ತಿದ್ದವರಿಗೆ ಅದು ಉತ್ತರ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ತೊಕ್ಕೊಟ್ಟು ದಾಟಿ ಹೋಗುವ ಬಸ್ಸುಗಳಿವೆ. ಉಡುಪಿ ಕಡೆಯವರಿಗೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಹತ್ತಿರ.

ಪರೀಕ್ಷೆಯಲ್ಲಿ ಮುಖ್ಯವಾದದ್ದು ಎಂಆರ್‌ಐ. ಮಿದುಳಿನ ಜೊತೆ ಬೆನ್ನುಹುರಿಯದ್ದೂ ಬೇಕಾಗುತ್ತದೆ, ಬಣ್ಣದ ಇಂಜೆಕ್ಷನ್ ಕೊಟ್ಟು ತೆಗೆಯುತ್ತಾರೆ. ಹೊಸ ಗಾಯ ಅದರಲ್ಲಿ ಹೊಳೆಯುತ್ತದೆ, ಹಳೆಯದು ಹೊಳೆಯುವುದಿಲ್ಲ. ಸಿ.ಟಿ. ಸ್ಕ್ಯಾನ್ ನಾರ್ಮಲ್ ಬಂದಿದೆ ಎಂದು ಎಂ.ಎಸ್. ಇಲ್ಲ ಎನ್ನಲಾಗುವುದಿಲ್ಲ. ಮಿದುಳುಕಾಂಡದ ಸಣ್ಣ ಗಾಯ ಸಿ.ಟಿ.ಯಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಕೆಲವರಿಗೆ ಬೆನ್ನಿನಿಂದ ನೀರು ತೆಗೆದು ನೋಡುತ್ತಾರೆ. ಹೆಸರು ಕೇಳಿ ಹೆದರುವವರೇ ಹೆಚ್ಚು, ಆದರೆ ಸೂಜಿ ಚುಚ್ಚುವುದು ಬೆನ್ನುಹುರಿ ಮುಗಿದ ಜಾಗದ ಕೆಳಗೆ. ಅದರಿಂದ ಕಾಲು ಹೋಗುತ್ತದೆ ಎಂಬ ಮಾತಿಗೆ ಆಧಾರ ಇಲ್ಲ. ಒಂದೆರಡು ದಿನ ತಲೆನೋವು ಬರಬಹುದು.

ಒಂದು ಪರೀಕ್ಷೆಯನ್ನು ಮಾತ್ರ ನೀವಾಗಿಯೇ ಕೇಳಿ: ಅಕ್ವಪೋರಿನ್-4 ಮತ್ತು ಮಾಗ್ (MOG) ಎಂಬ ಎರಡು ಪ್ರತಿಕಾಯಗಳ ರಕ್ತ ಪರೀಕ್ಷೆ. ಎಂ.ಎಸ್. ಹಾಗೇ ಕಾಣುವ ಬೇರೆ ಕಾಯಿಲೆಗಳು ನಮ್ಮ ಕಡೆ ಸಾಕಷ್ಟಿವೆ. ಅದರಲ್ಲಿ ಎನ್.ಎಂ.ಓ. (ನ್ಯೂರೋಮೈಲೈಟಿಸ್ ಆಪ್ಟಿಕಾ, ಮುಖ್ಯವಾಗಿ ಕಣ್ಣಿನ ನರ ಮತ್ತು ಬೆನ್ನುಹುರಿಯ ಕಾಯಿಲೆ) ಎಂಬುದು ಮಿದುಳುಕಾಂಡಕ್ಕೂ ಬರುತ್ತದೆ. ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲದೆ ದಿನಗಟ್ಟಲೆ ನಿಲ್ಲದ ಬಿಕ್ಕಳಿಕೆ, ವಾಂತಿ ಇದ್ದರೆ ಅದು ಎಂ.ಎಸ್.ಗಿಂತ ಹೆಚ್ಚಾಗಿ ಈ ಕಾಯಿಲೆಯ ಗುರುತು. ಎಂಡೋಸ್ಕೋಪಿ ಮಾಡಿಸಿ ಏನೂ ಇಲ್ಲ ಎಂದು ಮನೆಗೆ ಬಂದವರ ಕಥೆ ಇದರಲ್ಲಿ ಮಾಮೂಲು. ಎರಡನ್ನೂ ಬೇರ್ಪಡಿಸುವುದು ಸುಮ್ನೆ ಅಲ್ಲ. ಎಂ.ಎಸ್.ಗೆ ಕೊಡುವ ಇಂಟರ್‌ಫೆರಾನ್, ಫಿಂಗೋಲಿಮೋಡ್‌ನಂಥ ಔಷಧಿಗಳು ಎನ್.ಎಂ.ಓ.ವನ್ನು ಇನ್ನೂ ಕೆಡಿಸುತ್ತವೆ.

ಚಿಕಿತ್ಸೆಯಲ್ಲಿ ಎರಡು ಬಗೆ

ದಾಳಿ ಬಂದಾಗ ಕೊಡುವುದು ಬೇರೆ, ದಾಳಿ ಬಾರದಂತೆ ಕೊಡುವುದು ಬೇರೆ. ಇದು ಸ್ಪಷ್ಟವಿಲ್ಲದೆ ಎಷ್ಟೋ ಜನ 'ಡ್ರಿಪ್ ಹಾಕಿಸಿದ್ದೇವೆ, ಆಯಿತು' ಎಂದು ಮನೆಯಲ್ಲಿ ಉಳಿಯುತ್ತಾರೆ.

ದಾಳಿಗೆ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು ದಿನಕ್ಕೆ 1 ಗ್ರಾಂನಂತೆ 3ರಿಂದ 5 ದಿನ ರಕ್ತನಾಳಕ್ಕೆ ಕೊಡುತ್ತಾರೆ. ಬಾಯಿ ಲೋಹ ಲೋಹ ಅನಿಸುತ್ತದೆ, ರಾತ್ರಿ ನಿದ್ರೆ ಬರುವುದಿಲ್ಲ, ಶುಗರ್ ಏರುತ್ತದೆ. ಶುಗರ್ ಇರುವವರು ಮೊದಲೇ ಹೇಳಬೇಕು. ಸ್ಟೀರಾಯ್ಡ್ ಬೇಗ ಚೇತರಿಸಲು ಸಹಾಯ ಮಾಡುತ್ತದೆ, ಮುಂದಿನ ದಾಳಿಯನ್ನು ತಡೆಯುವುದಿಲ್ಲ. ಅದರಿಂದಲೂ ಬಗ್ಗದ ದೊಡ್ಡ ದಾಳಿಗೆ ಪ್ಲಾಸ್ಮಾ ಬದಲಿಸುವ ಚಿಕಿತ್ಸೆ ಇದೆ.

ದಾಳಿ ತಡೆಯುವ ಔಷಧಿ ವರ್ಷಗಟ್ಟಲೆ ಬೇಕು. 1993ರಲ್ಲಿ ಅಮೆರಿಕದಲ್ಲಿ ಮೊದಲ ಇಂಟರ್‌ಫೆರಾನಿಗೆ ಒಪ್ಪಿಗೆ ಸಿಕ್ಕಿದ ಮೇಲೆ ಪಟ್ಟಿ ಉದ್ದವಾಗಿದೆ. ಮಾತ್ರೆಗಳಿವೆ, ಆರು ತಿಂಗಳಿಗೊಮ್ಮೆ ಹಾಕುವ ಡ್ರಿಪ್ ಇದೆ. ದರ ಜಾಸ್ತಿ ನಿಜ. ಆದರೆ ಡೈಮೀಥೈಲ್ ಫ್ಯೂಮರೇಟ್ ಮಾತ್ರೆಯನ್ನು ಭಾರತದ ಕಂಪನಿಗಳೂ ತಯಾರಿಸುತ್ತವೆ. ರಿಟುಕ್ಸಿಮ್ಯಾಬ್‌ನ ದೇಶೀ ರೂಪ 2007ರಿಂದಲೇ ಸಿಗುತ್ತಿದೆ, ಎಂ.ಎಸ್.ಗೆ ಅದನ್ನು ನಮ್ಮ ದೇಶದ ವೈದ್ಯರು ಸಾಕಷ್ಟು ಬಳಸುತ್ತಾರೆ. 'ಕಡಿಮೆ ದರದಲ್ಲಿ ಏನಿದೆ ಡಾಕ್ಟ್ರೇ' ಎಂದು ಕೇಳಲು ನಾಚಿಕೆ ಬೇಡ. ಕೇಳದೆ, ಎರಡು ತಿಂಗಳ ಮೇಲೆ ದುಡ್ಡಿಲ್ಲದೆ ಸದ್ದಿಲ್ಲದೆ ನಿಲ್ಲಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಇಂಥ ಔಷಧಿ ಶುರು ಮಾಡುವ ಮೊದಲು ಟಿ.ಬಿ., ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯಾ, ಯಾವ ಲಸಿಕೆ ಮೊದಲೇ ಹಾಕಿಸಬೇಕು ಅಂತಲೂ ಕೇಳಿ.

ಮನೆಯಲ್ಲಿ: ಊಟ, ಸೆಕೆ, ಸ್ನಾನ

ನುಂಗುವ ನರಕ್ಕೆ ತೊಂದರೆ ಆದವರಿಗೆ ಮನೆಯಲ್ಲಿ ಮೊದಲು ಕೊಡುವುದು ಗಂಜಿ. ಮೆತ್ತಗಿದೆ, ಹಗುರ ಎಂಬ ಲೆಕ್ಕ. ಆದರೆ ಅವರಿಗೆ ಕಷ್ಟವಾಗುವುದೂ ಅದೇ. ಕುಚ್ಚಲಕ್ಕಿ ಗಂಜಿಯ ಒಂದು ಚಮಚದಲ್ಲಿ ತೆಳಿಯೂ ಇದೆ, ಅಗುಳೂ ಇದೆ. ಅಗುಳನ್ನು ಜಗಿಯಲು ಬಾಯಿ ತಯಾರಾಗುವಷ್ಟರಲ್ಲಿ ತೆಳಿ ಗಂಟಲಿಗೆ ಜಾರಿ ಶ್ವಾಸನಾಳದ ಕಡೆ ಹೋಗುತ್ತದೆ. ಕೆಮ್ಮು ಬರುತ್ತದೆ. ಕೆಮ್ಮು ಬಂದರೆ ಅದೃಷ್ಟ, ಕೆಲವರಿಗೆ ಕೆಮ್ಮೇ ಬಾರದೆ ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಊಟದ ನಂತರ ಸ್ವರ ಒದ್ದೆ ಒದ್ದೆಯಾಗಿ ಕೇಳುತ್ತಿದೆಯಾ ಎಂದು ಗಮನಿಸಿ.

ನೀರು, ಚಹಾದಂಥ ತೆಳು ಪದಾರ್ಥ ಮತ್ತು ಒಣ ಅವಲಕ್ಕಿ, ಕೋರಿರೊಟ್ಟಿಯಂಥ ಪುಡಿಯಾಗುವ ತಿಂಡಿ ಎರಡೂ ಕಷ್ಟ. ಒಂದೇ ಹದದಲ್ಲಿ ದಪ್ಪಗಿರುವ ರಾಗಿ ಮಣ್ಣಿ, ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿದ ಗಂಜಿ ಹೆಚ್ಚಿನವರಿಗೆ ಸುಲಭ. ಮೀನು ಬೇಕೇ ಬೇಕು ಅಂದರೆ ಮುಳ್ಳು ಪೂರ್ತಿ ತೆಗೆದು ದಪ್ಪ ಸಾರಿನಲ್ಲಿ ನುಣ್ಣಗೆ ಕಿವುಚಿ ಕೊಡಿ. ನೆಟ್ಟಗೆ ಕೂತು ತಿನ್ನಬೇಕು, ತಿಂದ ಮೇಲೆ ಅರ್ಧ ಗಂಟೆ ಮಲಗಬಾರದು, ಬಾಯಲ್ಲಿ ತುತ್ತು ಇರುವಾಗ ಮಾತು ಬೇಡ. ಯಾರಿಗೆ ಯಾವ ಹದ ಎಂದು ಪರೀಕ್ಷೆ ಮಾಡಿ ಹೇಳುವವರು ಸ್ಪೀಚ್ ಥೆರಪಿಸ್ಟ್. ಅವರು ಬರೀ ತೊದಲುವ ಮಕ್ಕಳಿಗೆ ಅಲ್ಲ. ಕಂಕನಾಡಿಯ ಫಾದರ್ ಮುಲ್ಲರ್ ಸೇರಿ ನಮ್ಮಲ್ಲಿ ವಾಕ್ ಶ್ರವಣ ಕಲಿಸುವ ಕಾಲೇಜುಗಳೇ ಇವೆ, ಬಳಸಿಕೊಳ್ಳಿ.

ಸೆಕೆಗೆ ಏರ್ ಕೂಲರ್ ಕೊಳ್ಳುವ ಮೊದಲು ಯೋಚಿಸಿ. ಅದು ನೀರು ಆರಿಸಿ ತಂಪು ಮಾಡುವ ಯಂತ್ರ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಗಾಳಿಯೇ ಒದ್ದೆ, ಬೆವರೇ ಆರುವುದಿಲ್ಲ, ಇನ್ನು ಕೂಲರಿನ ನೀರು ಎಲ್ಲಿ ಆರಬೇಕು? ದುಡ್ಡಿದ್ದರೆ ಒಂದು ಕೋಣೆಗೆ ಎ.ಸಿ. ಹಾಕಿ. ಇಲ್ಲದಿದ್ದರೆ ಕುತ್ತಿಗೆಗೆ ಫ್ರಿಜ್ಜಿನಲ್ಲಿಟ್ಟ ಒದ್ದೆ ಬೈರಾಸು, ಕುಡಿಯಲು ತಣ್ಣೀರು. ಆಸ್ಪತ್ರೆ, ಬ್ಯಾಂಕು, ಮದುವೆ ಊಟ ಎಲ್ಲ ಬೆಳಿಗ್ಗೆ ಹತ್ತರೊಳಗೆ ಆಗುವ ಹಾಗಿದ್ದರೆ ಒಳ್ಳೆಯದು (ಮದುವೆ ಊಟ ಆಗುವುದಿಲ್ಲ, ಗೊತ್ತು).

ಸ್ನಾನದ ವಿಷಯದಲ್ಲಿ ಜಗಳ ಆಗುವುದು ಬಾಣಂತನದಲ್ಲಿ. ಬಸುರಿ ಇರುವಾಗ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಎಂ.ಎಸ್. ದಾಳಿ ಕಡಿಮೆ. ಹೆರಿಗೆಯಾದ ನಂತರದ ಮೂರು ತಿಂಗಳಲ್ಲಿ ಜಾಸ್ತಿ. ಸರಿಯಾಗಿ ಆ ಹೊತ್ತಿಗೆ ನಮ್ಮಲ್ಲಿ ಎಣ್ಣೆ ಹಚ್ಚಿ, ಹಂಡೆಯಿಂದ ಹಬೆಯಾಡುವ ನೀರನ್ನು ಸೊಂಟಕ್ಕೆ ಬೀಸಿ ಹೊಯ್ಯುತ್ತಾರೆ. ಬಚ್ಚಲಿನಿಂದ ಎದ್ದು ಬರುವಾಗ ಕಣ್ಣು ಮಂಜು, ಕಾಲು ಕುಸಿತ. 'ನಂಜಾಗಿದೆ' ಎಂದು ಮರುದಿನ ಇನ್ನೂ ಬಿಸಿನೀರು. ಅಮ್ಮ, ಅತ್ತೆ ಜೊತೆ ವಾದ ಮಾಡಿ ಪ್ರಯೋಜನ ಇಲ್ಲ. ಹೆರಿಗೆಗೆ ಮೊದಲೇ ಅವರನ್ನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, 'ಅಮ್ಮಾ, ನೀರು ಉಗುರು ಬೆಚ್ಚಗೆ ಸಾಕು' ಎಂದು ಡಾಕ್ಟರ ಬಾಯಿಂದಲೇ ಹೇಳಿಸಿ. ಎಣ್ಣೆ, ಆರೈಕೆ ಎಲ್ಲ ಇರಲಿ. ಬಚ್ಚಲಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇರಲಿ, ಚಿಲಕ ಹಾಕದಿರಲಿ.

ಎರಡೆರಡು ಕಾಣುವವರು ಸ್ಕೂಟರ್ ಬಿಡಬಾರದು, ಇದಕ್ಕೆ ರಿಯಾಯಿತಿ ಇಲ್ಲ. ಓದಲು, ಟಿ.ವಿ. ನೋಡಲು ಕನ್ನಡಕದ ಒಂದು ಗಾಜಿಗೆ ಬಿಳಿ ಮೆಡಿಕಲ್ ಟೇಪ್ ಅಂಟಿಸಿಕೊಳ್ಳಬಹುದು. ದಿನ ಬಿಟ್ಟು ದಿನ ಟೇಪನ್ನು ಇನ್ನೊಂದು ಗಾಜಿಗೆ ಬದಲಿಸಿ.

ಕಾಗದಪತ್ರ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಎಂ.ಎಸ್. ಹೆಸರು ಹಾಕಿಯೇ ಸೇರಿಸಿದ್ದಾರೆ. ಯು.ಡಿ.ಐ.ಡಿ. ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಆನ್‌ಲೈನ್ ಅರ್ಜಿ ಹಾಕಿ. ತಪಾಸಣೆಗೆ ದಕ್ಷಿಣ ಕನ್ನಡದವರಿಗೆ ವೆನ್ಲಾಕ್, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ. ಹೆಚ್ಚಿನ ಸವಲತ್ತಿಗೆ ಶೇ. 40ರಷ್ಟು ವೈಕಲ್ಯ ನಮೂದಾಗಿರಬೇಕು. ಎರಡೆರಡು ಕಾಣುವ ತೊಂದರೆ, ತಲೆಸುತ್ತು, ಸುಸ್ತು ಹೊರಗಿನಿಂದ ಗೊತ್ತಾಗುವುದಿಲ್ಲ. 'ನೋಡಲು ಚೆನ್ನಾಗಿಯೇ ಇದ್ದೀರಲ್ಲ' ಎಂಬ ಮಾತು ಅಲ್ಲೂ ಬರಬಹುದು. ಹಾಗಾಗಿ ನರರೋಗ ತಜ್ಞರಿಂದ ಒಂದು ಪತ್ರ ಬರೆಸಿಕೊಳ್ಳಿ. ಅದರಲ್ಲಿ ರೋಗದ ಹೆಸರಿನ ಜೊತೆ ಏನು ಮಾಡಲಾಗುತ್ತಿಲ್ಲ ಎಂಬುದು ಬಿಡಿಸಿ ಬರೆದಿರಲಿ: ಎಷ್ಟು ದೂರ ನಡೆಯುತ್ತಾರೆ, ಮೆಟ್ಟಿಲು ಹತ್ತುತ್ತಾರಾ, ಓದಲು ಆಗುತ್ತದಾ.

ಎಂಆರ್‌ಐ ಮಾಡಿಸಿದಾಗ ರಿಪೋರ್ಟ್ ಮಾತ್ರ ತರಬೇಡಿ, ಸಿ.ಡಿ.ಯನ್ನೂ ಕೇಳಿ ತನ್ನಿ. ಮುಂದಿನ ಸಲ ಬೇರೆ ಕಡೆ ತೆಗೆಸಿದರೆ ಹೊಸ ಗಾಯ ಯಾವುದು, ಹಳೆಯದು ಯಾವುದು ಎಂದು ಹೋಲಿಸಲು ಚಿತ್ರವೇ ಬೇಕು. ಸಿ.ಡಿ.ಯ ಮೇಲೆ ಮಾರ್ಕರಿನಲ್ಲಿ ತಾರೀಕು ಬರೆದು, ನಕಲನ್ನು ಒಂದು ಪೆನ್‌ಡ್ರೈವಿನಲ್ಲೂ ಇಡಿ. ಮಳೆಗಾಲದ ತೇವಕ್ಕೆ ಸಿ.ಡಿ. ಬೇಗ ಹಾಳಾಗುತ್ತದೆ.